ಸೋಲಾರ್ ವೈರಿನ ದಪ್ಪ ಎಷ್ಟಿರಬೇಕು? ಹೊಲದ ಮನೆಯ ಒಂದು ಲೆಕ್ಕ

ದ್ವಿತೀಯ ಪಿಯು ವಿಜ್ಞಾನದವರಿಗೆ ಭೌತಶಾಸ್ತ್ರದ ಮೂರನೆಯ ಅಧ್ಯಾಯ ಈಗಷ್ಟೇ ಮುಗಿದಿದೆ. ತಂತಿಯ ರೋಧ ಅದರ ಉದ್ದಕ್ಕೆ ನೇರ ಅನುಪಾತದಲ್ಲಿ, ಅಡ್ಡಕೊಯ್ತದ ವಿಸ್ತೀರ್ಣಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನೀವು ಹೇಳುತ್ತೀರಿ. ನಾನೂ ಹೇಳುತ್ತೇನೆ, ಹದಿನಾಲ್ಕು ವರ್ಷದಿಂದ ಇದನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಆದರೆ ಒಮ್ಮೆ ಅಂಗಡಿಯ ಕಟ್ಟೆಯ ಮುಂದೆ ನಿಂತು ನಿಜವಾದ ವೈರು ಕೊಳ್ಳಬೇಕಾಗಿ ಬಂದಾಗ ಈ ಸೂತ್ರ ನನಗೆ ನೆನಪಿಗೇ ಬರಲಿಲ್ಲ. ಆ ಮರೆವು ಎರಡು ವರ್ಷ ನನ್ನ ಮಾಮುವಿನ ಮನೆಯವರನ್ನು ಕಾಡಿತು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬರುವ ವಿಷಯ ಒಂದು ಮನೆಯಲ್ಲಿ ಏನೇನು ಮಾಡಬಲ್ಲದು ಎಂಬುದನ್ನು ನಿಮಗೆ ಲೆಕ್ಕದ ಸಮೇತ ಹೇಳೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಮಾಮುವಿನ ಮನೆ ಜೇವರ್ಗಿ ತಾಲ್ಲೂಕಿನಲ್ಲಿ, ಊರಿನಿಂದ ಹೊರಗೆ, ತೊಗರಿ ಹೊಲದ ನಡುವೆ ಇದೆ. ಅಲ್ಲಿಗೆ ಮನೆಬಳಕೆಯ ಲೈನು ಬಂದಿಲ್ಲ. ಮೂರು ವರ್ಷದ ಹಿಂದೆ ಮಾಮು ಸೋಲಾರ್ ಹಾಕಿಸಬೇಕೆಂದಾಗ ನಾನೇ ಮುಂದೆ ನಿಂತು ಎಲ್ಲ ಖರೀದಿ ಮಾಡಿಸಿದೆ. 165 ವ್ಯಾಟಿನ ಎರಡು ಪ್ಯಾನೆಲ್, 150 ಆಂಪಿಯರ್-ಅವರ್‌ನ ಎರಡು ಟ್ಯೂಬ್ಯುಲರ್ ಬ್ಯಾಟರಿ, 12 ವೋಲ್ಟಿನ ಒಂದು ಇನ್ವರ್ಟರ್, ನಡುವೆ ಒಂದು ಸಾದಾ ಚಾರ್ಜ್ ಕಂಟ್ರೋಲರ್. ನಾಲ್ಕು ದೀಪ, ಎರಡು ಫ್ಯಾನು, ಒಂದು ಚಿಕ್ಕ ಫ್ರಿಜ್ಜು, ಬೆಳಿಗ್ಗೆ ಹೊತ್ತು ಮಿಕ್ಸಿ. ಫ್ರಿಜ್ಜು ಐಷಾರಾಮಕ್ಕೆ ಇಟ್ಟದ್ದಲ್ಲ. ನಮ್ಮ ನಾನಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಬಿಚ್ಚದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಮನೆಯೊಳಗಿನ ನೆರಳೇ 40 ಡಿಗ್ರಿ ಮುಟ್ಟುತ್ತದೆ.

ಮನೆಯ ಮೇಲೆ ದೊಡ್ಡ ಬೇವಿನ ಮರದ ನೆರಳಿದೆ. ಮರ ಕಡಿಯಲು ನಾನಿ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಹಾಗಾಗಿ ಪ್ಯಾನೆಲ್‌ಗಳನ್ನು ರಾಶಿ ಮಾಡುವ ಕಣದ ಅಂಚಿನಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿ ಕೂರಿಸಿದೆವು. ಅಲ್ಲಿಂದ ಕಂಟ್ರೋಲರಿಗೆ 22 ಮೀಟರ್. ಬ್ಯಾಟರಿಯ ಆಸಿಡ್ ವಾಸನೆ ಮನೆಯೊಳಗೆ ಬೇಡವೆಂದು ಮುಮಾನಿ ಹೇಳಿದ್ದಕ್ಕೆ ಅವನ್ನು ಹಿಂದಿನ ಪಡಸಾಲೆಯಲ್ಲಿಟ್ಟು ಇನ್ವರ್ಟರನ್ನು ಒಳಗಿನ ಗೋಡೆಗೆ ಹಾಕಿದೆವು. ಅವೆರಡರ ನಡುವೆ ವೈರು ಸುತ್ತಿಕೊಂಡು ಹೋಗುವ ದಾರಿ ಮೂರೂವರೆ ಮೀಟರ್. ಈ ಎರಡು ಅಳತೆಗಳನ್ನು ನೆನಪಿಟ್ಟುಕೊಳ್ಳಿ, 22 ಮತ್ತು 3.5. ಮುಂದಿನ ಕಥೆಯೆಲ್ಲ ಇವುಗಳದ್ದೇ.

ಅಂಗಡಿಯಲ್ಲಿ ನಾನು ಕೇಳಿದ್ದು, "ಗಟ್ಟಿ ವೈರು ಕೊಡಿ" ಎಂದು. ಪ್ಯಾನೆಲ್ಲಿಗೆ 4 ಎಂಎಂ ಕೇಬಲ್, ಬ್ಯಾಟರಿಗೆ 6 ಎಂಎಂ ವೈರು ಕೊಟ್ಟರು. ಮನೆಯ ವೈರಿಂಗ್‌ನಲ್ಲಿ ಗೀಸರಿಗೇ 4 ಎಂಎಂ ಸಾಕಾಗುತ್ತದೆ, ಇದು ಅದಕ್ಕಿಂತ ದಪ್ಪ, ಇನ್ನೇನು ಬೇಕು ಎಂದುಕೊಂಡು ದುಡ್ಡು ಕೊಟ್ಟು ಬಂದೆ. ಅಂಗಡಿಯವನ ತಪ್ಪಿಲ್ಲ. ದೂರ ಎಷ್ಟು, ವೋಲ್ಟ್ ಎಷ್ಟು ಎಂದು ನಾನು ಹೇಳಲೇ ಇಲ್ಲ.

ಮೊದಲ ವರ್ಷ ಹೇಗೋ ನಡೆಯಿತು. ಎರಡನೆಯ ವರ್ಷದ ಬೇಸಿಗೆಯಲ್ಲಿ ಮಾಮು ಫಜರ್‌ಗೆ ಎದ್ದಾಗ ಫ್ರಿಜ್ಜು ಬಂದಾಗಿ, ಇನ್ವರ್ಟರಿನ ಕೆಂಪು ದೀಪ ಉರಿಯುತ್ತಿರುವುದು ವಾರಕ್ಕೆರಡು ಸಲ ಆಯಿತು. ಬರುಬರುತ್ತಾ ದಿನವೂ ಆಯಿತು. ಒಂದು ಸಲ ಮನೆಯವರೆಲ್ಲ ಮದುವೆಗೆಂದು ಬೀದರ್‌ಗೆ ಹೋಗಿ ಎರಡು ದಿನ ಬಿಟ್ಟು ಬಂದರೆ ಫ್ರಿಜ್ಜು ಬಿಸಿ, ಅದರಲ್ಲಿದ್ದ ಇನ್ಸುಲಿನ್ ಅಷ್ಟೂ ಎಸೆಯಬೇಕಾಯಿತು. ನೋಡಲು ಬಂದ ಮೆಕ್ಯಾನಿಕ್ ಬ್ಯಾಟರಿ ಮುಟ್ಟಿ ನೋಡಿ ತೀರ್ಪು ಕೊಟ್ಟು ಹೋದ. ಮಾಮು ಫೋನ್ ಮಾಡಿದರು.

"ಎರಡೂ ಬ್ಯಾಟರಿ ಸತ್ತಾವಂತ, ಬೇಟಾ. ಹೊಸಾವು ಹಾಕಸ್ಬೇಕಂದ್ರ 30,000 ಮ್ಯಾಲೆ ಆಗ್ತದಂತ. ತೊಗರಿ ಮಾರಿದ್ದು ಇನ್ನೂ ಕೈಗೆ ಬಂದಿಲ್ಲ. ಏನು ಮಾಡ್ಲಿ?"

"ಏನೂ ಮಾಡಬೇಡಿ ಮಾಮು, ಭಾನುವಾರ ಬರ್ತೀನಿ" ಎಂದೆ.

ಹೋಗುವಾಗ ಲ್ಯಾಬಿನಿಂದ ಒಂದು ಮಲ್ಟಿಮೀಟರು ಮತ್ತು ಗೆಳೆಯನೊಬ್ಬನಿಂದ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರು ಕೇಳಿ ತೆಗೆದುಕೊಂಡು ಹೋದೆ. ರಾತ್ರಿ ಅಲ್ಲೇ ಉಳಿದು, ಬೆಳಗಿನ ಜಾವ ಐದು ಗಂಟೆಗೆ ಎದ್ದು ಮುಮಾನಿಗೆ ಮಿಕ್ಸಿ ಹಾಕಲು ಹೇಳಿದೆ. ಫ್ರಿಜ್ಜೂ ನಡೆಯುತ್ತಿತ್ತು. ಎರಡೂ ಸೇರಿ ಸುಮಾರು 600 ವ್ಯಾಟ್. ಇನ್ವರ್ಟರ್ ಕೂಗಲು ಶುರುಮಾಡಿತು. ಆಗ ಬ್ಯಾಟರಿಯ ಎರಡು ತುದಿಗೆ ಮೀಟರು ಹಿಡಿದರೆ 11.9 ವೋಲ್ಟ್. ಒಳಗೆ ಓಡಿ ಇನ್ವರ್ಟರಿನ ಎರಡು ತುದಿಗೆ ಹಿಡಿದರೆ 10.6 ವೋಲ್ಟ್.

ಇಲ್ಲಿ ನಿಂತು ಯೋಚಿಸಿ. ನಡುವೆ ಇರುವುದು ಬರೀ ವೈರು. 1.3 ವೋಲ್ಟ್ ಎಲ್ಲಿ ಹೋಯಿತು?

ಲೆಕ್ಕ ಹಾಕೋಣ. ತಾಮ್ರದ ರೋಧಶೀಲತೆ ಸುಮಾರು 1.7 × 10⁻⁸ ಓಮ್-ಮೀಟರ್. ಅಂಗಡಿಯ ವೈರಿನ ಅಳತೆ ಚದರ ಮಿಲಿಮೀಟರಿನಲ್ಲಿ ಇರುವುದರಿಂದ ಅದನ್ನು ಹಾಗೆಯೇ ಬದಲಿಸಿಕೊಳ್ಳುವುದು ಸುಲಭ. ಒಂದು ಚದರ ಮೀಟರ್ ಅಂದರೆ ಹತ್ತು ಲಕ್ಷ ಚದರ ಮಿಲಿಮೀಟರ್, ಆದ್ದರಿಂದ ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ರೋಧ 0.017 ಓಮ್. ಅಂಗಡಿಯ ತಾಮ್ರ, ಸ್ವಲ್ಪ ಬಿಸಿ, ಇವನ್ನೆಲ್ಲ ನೋಡಿ ನಾನು 0.0175 ಹಿಡಿಯುತ್ತೇನೆ. ಕಡು ಬೇಸಿಗೆಯಲ್ಲಿ ಇದೂ ಕಡಿಮೆಯೇ, ಏಕೆಂದರೆ ತಾಮ್ರದ ರೋಧ ಪ್ರತಿ ಹತ್ತು ಡಿಗ್ರಿಗೆ ಸುಮಾರು ಶೇ. 4ರಷ್ಟು ಏರುತ್ತದೆ. ಅಂದಾಜಿಗೆ ಇಷ್ಟು ಸಾಕು.

ಇನ್ನೊಂದು ಮಾತು. ಅಂಗಡಿಯಲ್ಲಿ ಎಲ್ಲರೂ "6 ಎಂಎಂ" ಎನ್ನುತ್ತಾರೆ. ಅದು 6 ಮಿಲಿಮೀಟರ್ ವ್ಯಾಸವಲ್ಲ, 6 ಚದರ ಮಿಲಿಮೀಟರ್ ವಿಸ್ತೀರ್ಣ. ಅದರ ತಾಮ್ರದ ವ್ಯಾಸ ಮೂರು ಮಿಲಿಮೀಟರಿಗಿಂತಲೂ ಕಡಿಮೆ. ಬೇಕಿದ್ದರೆ ವೃತ್ತದ ವಿಸ್ತೀರ್ಣದ ಸೂತ್ರದಿಂದ ನೀವೇ ನೋಡಿಕೊಳ್ಳಿ. ಮೇಲಿನ ಪ್ಲಾಸ್ಟಿಕ್ ನೋಡಿ ಮೋಸಹೋಗಬೇಡಿ.

ಈಗ ಮಾಮುವಿನ ವೈರು. ದೂರ 3.5 ಮೀಟರ್, ಆದರೆ ವಿದ್ಯುತ್ ಹೋಗಬೇಕು, ತಿರುಗಿ ಬರಬೇಕು. ಪ್ಲಸ್ಸು ಒಂದು ವೈರು, ಮೈನಸ್ಸು ಇನ್ನೊಂದು. ಆದ್ದರಿಂದ ಉದ್ದ 7 ಮೀಟರ್. ಈ ಲೆಕ್ಕದಲ್ಲಿ ವಿದ್ಯಾರ್ಥಿಗಳು ಮಾಡುವ ದೊಡ್ಡ ತಪ್ಪು ಇದೇ, ಒಂದೇ ಕಡೆಯ ಉದ್ದ ಹಿಡಿಯುವುದು. ರೋಧ ಎಂದರೆ 0.0175 × 7 ÷ 6, ಅಂದರೆ 0.0204 ಓಮ್. ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. ಪರೀಕ್ಷೆಯ ಲೆಕ್ಕವಾಗಿದ್ದರೆ "ತಂತಿಗಳ ರೋಧ ನಗಣ್ಯ" ಎಂದು ಬರೆದು ಮುಂದೆ ಹೋಗುತ್ತಿದ್ದೆವು.

ಆದರೆ ವಿದ್ಯುತ್ ಪ್ರವಾಹ ಎಷ್ಟು? 600 ವ್ಯಾಟನ್ನು 12 ವೋಲ್ಟಿನಿಂದ ತೆಗೆಯಬೇಕು, ಇನ್ವರ್ಟರಿನ ದಕ್ಷತೆ ಶೇ. 85 ಎಂದು ಹಿಡಿದರೆ 600 ÷ (12 × 0.85), ಸುಮಾರು 59 ಆಂಪಿಯರ್. ಓಮ್‌ನ ನಿಯಮ ಹಾಕಿ: 59 × 0.0204 = 1.2 ವೋಲ್ಟ್. 12ರಲ್ಲಿ 1.2 ಎಂದರೆ ಹತ್ತರಲ್ಲಿ ಒಂದು ಭಾಗ ವೈರಿನಲ್ಲೇ ಕರಗಿತು. ಅದು ಶಾಖವಾಗಿ ಹೋಗುತ್ತದೆ: 59ರ ವರ್ಗ × 0.0204, ಅಂದರೆ 71 ವ್ಯಾಟ್. ಹೊಸ ತರಹದ ಎರಡು ಫ್ಯಾನು ನಡೆಸಬಹುದಾದಷ್ಟು ಶಕ್ತಿ ಗೋಡೆಯನ್ನು ಕಾಯಿಸುತ್ತಿತ್ತು. ವೈರಿನ ಮೇಲೆ ಕೈ ಇಟ್ಟರೆ ಬಿಸಿ ತಿಳಿಯುತ್ತಿತ್ತು. "ಬೇಸಿಗಿ ಅದ, ಅದಕ್ಕ ಬಿಸಿ ಆಗ್ಯಾದ ಅಂದ್ಕೊಂಡಿದ್ದೆ" ಎಂದರು ಮಾಮು.

ಅದೇ 600 ವ್ಯಾಟ್ ಊರಿನ ಮನೆಯ 230 ವೋಲ್ಟಿನಲ್ಲಿ ಹರಿದರೆ ಪ್ರವಾಹ 2.6 ಆಂಪಿಯರ್ ಮಾತ್ರ. ಅದೇ ವೈರಿನಲ್ಲಿ ನಷ್ಟ 0.05 ವೋಲ್ಟ್, 230ರ ಎದುರು ಲೆಕ್ಕಕ್ಕೇ ಇಲ್ಲ. ಮನೆ ವೈರಿಂಗ್ ಮಾಡುವವರ ಕೈಗೆ, ಕಣ್ಣಿಗೆ ರೂಢಿಯಾಗಿರುವ ಅಂದಾಜು ಈ 230 ವೋಲ್ಟಿನದ್ದು. ಅದನ್ನು 12 ವೋಲ್ಟಿಗೆ ತಂದು ಹಚ್ಚಿದ್ದು ನನ್ನ ತಪ್ಪು. ವೋಲ್ಟ್ ಇಳಿದಂತೆ ಪ್ರವಾಹ ಏರುತ್ತದೆ, ಜೊತೆಗೆ ಕಳೆದುಕೊಳ್ಳಲು ಇರುವ ವೋಲ್ಟೂ ಕಡಿಮೆ. ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ.

ಬೆಳಗಿನ ಜಾವವೇ ಏಕೆ ಬಂದಾಗುತ್ತಿತ್ತು ಎಂಬುದೂ ಈಗ ತಿಳಿಯಿತು. ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ನಡೆಯುವಾಗಿನ ಐದಾರು ಪಟ್ಟು ಪ್ರವಾಹ ಎಳೆಯುತ್ತದೆ. ಆ ಕ್ಷಣಕ್ಕೆ 70 ಆಂಪಿಯರ್ ಎನ್ನಿ. ವೈರಿನಲ್ಲಿ 1.4 ವೋಲ್ಟ್ ಕುಸಿತ. ಹಗಲು ಬ್ಯಾಟರಿ 13ರ ಮೇಲಿರುವಾಗ ಅದನ್ನು ತಡೆದುಕೊಳ್ಳುತ್ತದೆ. ರಾತ್ರಿಯೆಲ್ಲ ದುಡಿದ ಬ್ಯಾಟರಿ ಆ ಎಳೆತಕ್ಕೆ 11.7ಕ್ಕೆ ಬಂದರೆ ಇನ್ವರ್ಟರಿಗೆ ಸಿಗುವುದು 10.3. ಆ ಇನ್ವರ್ಟರ್ 10.5ಕ್ಕೆ ಕೈಬಿಡುವಂಥದ್ದು. ಬ್ಯಾಟರಿಯಲ್ಲಿ ಇನ್ನೂ ಶಕ್ತಿ ಇತ್ತು, ಇನ್ವರ್ಟರಿಗೆ ಅದು ಕಾಣುತ್ತಿರಲಿಲ್ಲ.

ಲೆಕ್ಕ 1.2 ಎಂದಿತು, ಮೀಟರು 1.3 ಎಂದಿತ್ತು. ಉಳಿದ 0.1 ಎಲ್ಲಿ? ಇಂಥ ಚಿಲ್ಲರೆ ವ್ಯತ್ಯಾಸವನ್ನು ಲ್ಯಾಬ್ ರೆಕಾರ್ಡಿನಲ್ಲಿ ನಾವು "ಪ್ರಾಯೋಗಿಕ ದೋಷ" ಎಂದು ಬರೆದುಬಿಡುತ್ತೇವೆ. ಅಂದು ಬಿಡದೆ ಹುಡುಕಿದೆ. ಇನ್ವರ್ಟರಿನ ಪ್ಲಸ್ ತುದಿಯ ಲಗ್ಗು ಇಕ್ಕಳದಿಂದ ಒತ್ತಿ ಹಾಕಿದ್ದು, ಸಡಿಲವಾಗಿ, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಸಡಿಲ ಜೋಡಣೆ ವೈರಿಗಿಂತ ಕೆಟ್ಟದ್ದು, ಏಕೆಂದರೆ ವೈರಿನ ಶಾಖ ಏಳು ಮೀಟರ್ ಉದ್ದಕ್ಕೆ ಹಂಚಿಹೋಗುತ್ತದೆ, ಇದರದ್ದು ಒಂದೇ ಬಿಂದುವಿನಲ್ಲಿ. ಆ ಜೋಡಣೆಯ ರೋಧ ಮುಂದೆ 0.01 ಓಮ್ ಆಗಿದ್ದರೆ 59 ಆಂಪಿಯರಿಗೆ 35 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಬೆಸುಗೆ ಕಬ್ಬಿಣ ಅಷ್ಟೇ ವ್ಯಾಟಿನದ್ದು. ಅಂಥದ್ದೊಂದು ಕಬ್ಬಿಣವನ್ನು ಪರದೆಯ ಪಕ್ಕ ಇಟ್ಟು ನಾನಿ ಮಲಗುವ ಕೋಣೆಯ ಬಾಗಿಲು ಹಾಕಿದಂತೆ. ಆ ಗೋಡೆಗೆ ಪರದೆ ನಿಜವಾಗಿಯೂ ತಾಗಿಕೊಂಡಿತ್ತು.

ಅದರ ಮೇಲೆ ಫ್ಯೂಸೇ ಇರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಸಾಮಾನ್ಯ 6 ಚದರ ಮಿಲಿಮೀಟರ್ ವೈರು ಹಾಕಿದ ರೀತಿ ನೋಡಿಕೊಂಡು 30ರಿಂದ 40 ಆಂಪಿಯರ್ ತಾಳಬಲ್ಲದು. ನಾವು ಅದರಲ್ಲಿ 59 ಹರಿಸುತ್ತಿದ್ದೆವು. ಟ್ಯೂಬ್ಯುಲರ್ ಬ್ಯಾಟರಿಯ ಎರಡು ತುದಿ ಎಲ್ಲಾದರೂ ನೇರ ತಾಗಿದರೆ ಹರಿಯುವುದು ಸಾವಿರ ಆಂಪಿಯರಿಗೂ ಮೀರಬಹುದು. ಫ್ಯೂಸು ಇರುವುದು ಯಂತ್ರವನ್ನು ಕಾಯಲಿಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲಿ ಅದು ಕಾಯುವುದು ವೈರನ್ನು. ಹಾಗಾಗಿ ಅದರ ಜಾಗ ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರ, ಅದರ ಅಳತೆ ವೈರು ತಾಳುವುದಕ್ಕಿಂತ ಕಡಿಮೆ, ಯಂತ್ರ ಎಳೆಯುವುದಕ್ಕಿಂತ ಹೆಚ್ಚು. ಮನೆಯ ಎಸಿ ಎಂಸಿಬಿಯನ್ನು ತಂದು ಡಿಸಿಗೆ ಹಾಕಬೇಡಿ. 50 ಹರ್ಟ್ಸ್ ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನೇ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಡಿಸಿಗೆಂದೇ ಗುರುತು ಹಾಕಿದ ಫ್ಯೂಸು, ಎಂಸಿಬಿ ಬೇರೆಯೇ ಸಿಗುತ್ತವೆ.

ಇದು ಮೂರೂವರೆ ಮೀಟರಿನ ಕಥೆ. ಬೆಳಕು ಹರಿದ ಮೇಲೆ 22 ಮೀಟರಿನ ಕಡೆಗೆ ಹೋದೆ. ಹಗಲು ಬ್ಯಾಟರಿ ಸರಿಯಾಗಿ ತುಂಬುತ್ತಿದ್ದರೆ ಜಾವದ ಹೊತ್ತಿಗೆ ಅಷ್ಟು ಸೊರಗಬಾರದಲ್ಲ?

ಪ್ಯಾನೆಲ್ಲಿನ ಹಿಂದೆ ಅಂಟಿಸಿದ ಚೀಟಿಯಲ್ಲಿ 18.2 ವೋಲ್ಟ್, 9.1 ಆಂಪಿಯರ್ ಎಂದಿತ್ತು. ಎರಡನ್ನು ಸಮಾಂತರವಾಗಿ ಜೋಡಿಸಿದ್ದರಿಂದ 18.2 ಆಂಪಿಯರ್. ಹೋಗಿಬರುವ ಉದ್ದ 44 ಮೀಟರ್, ದಪ್ಪ 4. ರೋಧ 0.0175 × 44 ÷ 4 = 0.1925 ಓಮ್. ಪೂರ್ತಿ ಪ್ರವಾಹ ಹರಿದರೆ ಕುಸಿತ 3.5 ವೋಲ್ಟ್.

ಚೀಟಿಯ ಅಂಕಿ 25 ಡಿಗ್ರಿಯ ಪ್ಯಾನೆಲ್ಲಿಗೆ ಕೊಟ್ಟದ್ದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಪ್ಯಾನೆಲ್ಲಿನ ಮೈ 65 ಡಿಗ್ರಿ ಸುಲಭವಾಗಿ ಮುಟ್ಟುತ್ತದೆ. ಸಿಲಿಕಾನ್ ಬಿಸಿಯಾದಂತೆ ಅದರ ವೋಲ್ಟ್ ಇಳಿಯುತ್ತದೆ, ಡಿಗ್ರಿಗೆ ಸುಮಾರು ಶೇ. 0.4ರಂತೆ. 40 ಡಿಗ್ರಿ ಏರಿಕೆಗೆ ಶೇ. 16. ಹಾಗಾಗಿ 18.2 ಇದ್ದದ್ದು 15.3 ಆಯಿತು. ಅದರಿಂದ 3.5 ಕಳೆದರೆ 11.8. ಬ್ಯಾಟರಿ ತುಂಬಲು ಕೊನೆಯ ಹಂತದಲ್ಲಿ 14.4 ವೋಲ್ಟ್ ಬೇಕು. ತಗ್ಗಿನಲ್ಲಿರುವ ಬಾವಿಯಿಂದ ದಿಬ್ಬದ ಹೊಲಕ್ಕೆ ನೀರು ತಾನಾಗಿ ಹರಿಯಲಿ ಎಂದು ಕಾದಂತೆ ಇದು.

ಮಧ್ಯಾಹ್ನ ಹನ್ನೆರಡೂವರೆಗೆ ಅಳೆದೆ. ಪ್ಯಾನೆಲ್ಲಿನ ಬಳಿ 16.8 ವೋಲ್ಟ್, ಕಂಟ್ರೋಲರಿನ ಬಳಿ 14.5, ಪ್ರವಾಹ 12 ಆಂಪಿಯರ್. ಕುಸಿತ 2.3. ನೀವು ಕೇಳಬಹುದು: ಕಾಗದದ ಲೆಕ್ಕದಲ್ಲಿ 3.5 ಬಂದಿತ್ತಲ್ಲ, ಸೂತ್ರ ತಪ್ಪೇ? ತಪ್ಪಲ್ಲ. 12ನ್ನು 0.1925ರಿಂದ ಗುಣಿಸಿ, ಸರಿಯಾಗಿ 2.3 ಬರುತ್ತದೆ. 18 ಆಂಪಿಯರ್ ತಳ್ಳಲು ಪ್ಯಾನೆಲ್ಲಿಗೆ ವೋಲ್ಟ್ ಸಾಲದು, ಆದ್ದರಿಂದ ಅದು ತನ್ನ ವೋಲ್ಟನ್ನು ಏರಿಸಿಕೊಂಡು ಪ್ರವಾಹವನ್ನು ಬಿಟ್ಟುಕೊಡುತ್ತದೆ. ಹೆಚ್ಚು ವೋಲ್ಟಿನಲ್ಲಿ ಕಡಿಮೆ ಪ್ರವಾಹ, ಇದು ಪ್ಯಾನೆಲ್ಲಿನ ಗುಣ. ವೈರು ಏನನ್ನೂ ಸುಡಲಿಲ್ಲ, ಬಿಸಿಯೂ ಆಗಲಿಲ್ಲ, 4 ಚದರ ಮಿಲಿಮೀಟರಿಗೆ 12 ಆಂಪಿಯರ್ ದೊಡ್ಡದಲ್ಲ. ಮುಟ್ಟಿ ನೋಡಿದರೆ ಎಲ್ಲ ಸರಿಯಿದೆ. ಆದರೆ ಅತಿ ಹೆಚ್ಚು ಬಿಸಿಲಿರುವ ಹೊತ್ತಿನಲ್ಲೇ ಮೂರರಲ್ಲಿ ಒಂದು ಭಾಗ ಪ್ರವಾಹ ಬರುತ್ತಿರಲಿಲ್ಲ. ಎರಡು ವರ್ಷ ಬ್ಯಾಟರಿ ಅರೆಹೊಟ್ಟೆಯಲ್ಲಿತ್ತು. ಸೀಸದ ಬ್ಯಾಟರಿ ಹಾಗೆ ಅರೆಹೊಟ್ಟೆಯಲ್ಲಿದ್ದರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಆಯಸ್ಸು ತಿನ್ನುತ್ತದೆ. ಹೊಸ ಬ್ಯಾಟರಿ ಹಾಕಿದ್ದರೂ ಅವುಗಳಿಗೂ ಅದೇ ಗತಿಯಾಗುತ್ತಿತ್ತು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಎಷ್ಟು ದಪ್ಪ ಬೇಕಿತ್ತು? ಸೂತ್ರವನ್ನೇ ತಿರುಗಿಸಿ ಬರೆಯಿರಿ. ಬೇಕಾದ ವಿಸ್ತೀರ್ಣ = 0.0175 × ಹೋಗಿಬರುವ ಉದ್ದ × ಅತಿ ಹೆಚ್ಚಿನ ಪ್ರವಾಹ ÷ ನಾವು ಕಳೆದುಕೊಳ್ಳಲು ಒಪ್ಪುವ ವೋಲ್ಟ್. ಈ ಕೊನೆಯದನ್ನು ನಾವೇ ನಿರ್ಧರಿಸಬೇಕು. ಪ್ಯಾನೆಲ್ ಕಡೆಗೆ ಶೇ. 3, ಬ್ಯಾಟರಿ ಮತ್ತು ಇನ್ವರ್ಟರಿನ ನಡುವೆ ಶೇ. 1 ಎಂದು ಹಿಡಿಯುವುದು ಈ ಕೆಲಸ ಬಲ್ಲವರ ರೂಢಿ. ಬಂದ ಉತ್ತರಕ್ಕಿಂತ ಮೇಲಿನ ಅಳತೆಯನ್ನು ಅಂಗಡಿಯಲ್ಲಿ ಕೇಳಬೇಕು, 1.5, 2.5, 4, 6, 10, 16, 25, 35 ಹೀಗೆ ಸಿಗುತ್ತವೆ. ಆಮೇಲೆ ಆ ವೈರು ಅಷ್ಟು ಆಂಪಿಯರ್ ತಾಳುತ್ತದೆಯೇ ಎಂದು ಕಂಪನಿಯ ಪಟ್ಟಿಯಲ್ಲಿ ನೋಡಬೇಕು. ಉದ್ದ ಹೆಚ್ಚಿದ್ದಲ್ಲಿ ಸಾಮಾನ್ಯವಾಗಿ ವೋಲ್ಟ್ ಕುಸಿತವೇ ದಪ್ಪವನ್ನು ತೀರ್ಮಾನಿಸುತ್ತದೆ, ತೀರಾ ಗಿಡ್ಡ ವೈರಿನಲ್ಲಿ ತಾಳುವ ಶಕ್ತಿ ತೀರ್ಮಾನಿಸುತ್ತದೆ. ಎರಡನ್ನೂ ನೋಡಿ ದೊಡ್ಡದನ್ನು ಆರಿಸಿಕೊಳ್ಳಿ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ತಂತಿ ಅಗ್ಗಕ್ಕೆ ಸಿಗುತ್ತದೆ, ಎಚ್ಚರವಿರಲಿ. ಅಲ್ಯೂಮಿನಿಯಂನ ರೋಧಶೀಲತೆ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗಿನ ಬಿಳಿ ಕಾಣುತ್ತದೆ.

ಮಾಮುವಿನ ಪ್ಯಾನೆಲ್ಲಿಗೆ ಹೀಗೆ ಲೆಕ್ಕ ಹಾಕಿದೆ. 18.2ರ ಶೇ. 3 ಎಂದರೆ 0.546 ವೋಲ್ಟ್. 0.0175 × 44 × 18.2 ÷ 0.546 = 25.7. ಅಂದರೆ 35ರ ಕೇಬಲ್ ಬೇಕು, 44 ಮೀಟರ್! ಮಾಮುವಿಗೆ ಹೇಳಲು ಬಾಯಿ ಬರಲಿಲ್ಲ.

ಆಗ ನೆನಪಾದದ್ದು ಶಿವನಸಮುದ್ರ. 1902ರಲ್ಲಿ ಅಲ್ಲಿನ ಜಲವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಒಯ್ದರು, 150 ಕಿಲೋಮೀಟರಿನ ಹತ್ತಿರದ ದಾರಿ. ಸುಮಾರು 30,000 ವೋಲ್ಟಿಗೆ ಏರಿಸಿ ಒಯ್ದದ್ದರಿಂದಲೇ ಅದು ಸಾಧ್ಯವಾಯಿತು. ವೋಲ್ಟ್ ಏರಿಸಿದರೆ ಅಷ್ಟೇ ಶಕ್ತಿಗೆ ಪ್ರವಾಹ ಇಳಿಯುತ್ತದೆ, ತಾಮ್ರ ಉಳಿಯುತ್ತದೆ. ಅದನ್ನೇ ನಾವು ಕಣದ ಅಂಚಿನಲ್ಲಿ ಚಿಕ್ಕದಾಗಿ ಮಾಡಬಹುದಿತ್ತು. ಎರಡು ಪ್ಯಾನೆಲ್‌ಗಳನ್ನು ಸಮಾಂತರದ ಬದಲು ಶ್ರೇಣಿಯಲ್ಲಿ ಜೋಡಿಸಿದರೆ 36.4 ವೋಲ್ಟ್, 9.1 ಆಂಪಿಯರ್. ಈಗ ಶೇ. 3 ಎಂದರೆ 1.09 ವೋಲ್ಟ್, ಬೇಕಾದ ದಪ್ಪ 6.4. ಮೊದಲಿನದರ ಕಾಲು ಭಾಗ. ಅರ್ಧವಲ್ಲ, ಕಾಲು, ಏಕೆಂದರೆ ಪ್ರವಾಹ ಅರ್ಧವಾಯಿತು, ಕಳೆದುಕೊಳ್ಳಬಹುದಾದ ವೋಲ್ಟ್ ಇಮ್ಮಡಿಯಾಯಿತು. ತರಗತಿಯಲ್ಲಿ "ಶ್ರೇಣಿ ಜೋಡಣೆಯಿಂದ ಏನು ಲಾಭ?" ಎಂದು ಕೇಳಿದಾಗ ನನಗೆ ಇಂಥ ಉತ್ತರ ಯಾರೂ ಕೊಟ್ಟಿಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ.

ಆದರೆ 36 ವೋಲ್ಟನ್ನು ಹಾಗೆಯೇ 12 ವೋಲ್ಟಿನ ಬ್ಯಾಟರಿಗೆ ಸಾದಾ ಕಂಟ್ರೋಲರಿನಿಂದ ಕೊಡಲಾಗದು. ಅದು ಬರೀ ಸ್ವಿಚ್ಚಿನಂತೆ ಕೆಲಸ ಮಾಡುವಂಥದ್ದು, ಹೆಚ್ಚಿನ ವೋಲ್ಟ್ ವ್ಯರ್ಥ, ಕೆಲವು ಸುಟ್ಟೂ ಹೋಗಬಹುದು. ಎಂಪಿಪಿಟಿ ಎಂಬ ಕಂಟ್ರೋಲರ್ ಬೇಕು. ಅದು ಹೆಚ್ಚು ವೋಲ್ಟ್, ಕಡಿಮೆ ಆಂಪಿಯರ್ ತೆಗೆದುಕೊಂಡು ಬ್ಯಾಟರಿಗೆ ಬೇಕಾದ ಕಡಿಮೆ ವೋಲ್ಟ್, ಹೆಚ್ಚು ಆಂಪಿಯರ್ ಆಗಿ ಬದಲಿಸಿ ಕೊಡುತ್ತದೆ. ಕೊಳ್ಳುವಾಗ ಅದು ತಾಳುವ ಗರಿಷ್ಠ ವೋಲ್ಟನ್ನು ಪ್ಯಾನೆಲ್ಲಿನ ಖಾಲಿ ವೋಲ್ಟಿನ ಜೊತೆ ಹೋಲಿಸಿ. ನಮ್ಮದು ಎರಡೂ ಸೇರಿ 44ರ ಹತ್ತಿರ, ಚಳಿಗಾಲದ ಬೆಳಿಗ್ಗೆ ಇನ್ನೂ ಸ್ವಲ್ಪ ಹೆಚ್ಚು. ನಾನು 100 ವೋಲ್ಟಿನದ್ದು ತಂದೆ.

ಶೇ. 3ರ ನಿಯಮದಂತೆ 6.4ಕ್ಕೆ ಮೇಲಿನ ಅಳತೆ 10. ಇದ್ದದ್ದು 4, ಅದೂ ಪೈಪಿನಲ್ಲಿ ಹಾಕಿ ಹೂಳಿದ್ದು. ಮಾಮು ಗುದ್ದಲಿಯ ಕಡೆ ನೋಡಿ ನನ್ನ ಕಡೆ ನೋಡಿದರು. "ಮತ್ತ ಅಗೀಬೇಕೇನು?"

ಕೂತು ಲೆಕ್ಕ ಹಾಕಿದೆ. ಹಳೆಯ ಕೇಬಲ್ಲಿನಲ್ಲೇ 9.1 ಆಂಪಿಯರ್ ಹರಿದರೆ ಕುಸಿತ 1.75 ವೋಲ್ಟ್, ಶೇ. 4.8. ಶಾಖವಾಗಿ ಹೋಗುವುದು 330ರಲ್ಲಿ 16 ವ್ಯಾಟ್, ಅದೂ ನೆತ್ತಿಯ ಬಿಸಿಲಿನಲ್ಲಿ ಮಾತ್ರ. ಬಿಸಿಲು ಅರ್ಧವಿದ್ದಾಗ ಪ್ರವಾಹ ಅರ್ಧ, ನಷ್ಟ ಕಾಲು, ಅಂದರೆ 4 ವ್ಯಾಟ್. ಕಂಟ್ರೋಲರಿಗೆ ಬೇಕಾದದ್ದಕ್ಕಿಂತ ವೋಲ್ಟ್ ಬಹಳ ಮೇಲಿರುವುದರಿಂದ ಬ್ಯಾಟರಿ ತುಂಬಲು ಅಡ್ಡಿಯಿಲ್ಲ. ಇಷ್ಟಕ್ಕಾಗಿ ಕಣ ಅಗೆಯುವುದು ಬೇಡವೆಂದೆ. ಶೇ. 3 ಎಂಬುದು ಅನುಭವದಿಂದ ಬಂದ ಅಂದಾಜು. ಅದನ್ನು ಮೀರುವಾಗ ಎಷ್ಟು ಮೀರುತ್ತಿದ್ದೇವೆ, ಅದರಿಂದ ಏನು ಹೋಗುತ್ತದೆ ಎಂದು ಗೊತ್ತಿದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಬ್ಯಾಟರಿ ಕಡೆ ಮಾತ್ರ ರಾಜಿ ಮಾಡಲಿಲ್ಲ. ಇನ್ವರ್ಟರನ್ನು ಮಲಗುವ ಕೋಣೆಯ ಗೋಡೆಯಿಂದ ಕಿತ್ತು ಪಡಸಾಲೆಗೆ, ಬ್ಯಾಟರಿಯ ಪಕ್ಕಕ್ಕೆ, ಮಳೆ ತಾಗದ ಹಾಗೆ ತಂದೆವು. ದೂರ 1.2 ಮೀಟರಿಗೆ ಇಳಿಯಿತು. 0.0175 × 2.4 × 59 ÷ 0.12 = 20.6, ಆದ್ದರಿಂದ 25ರ ಕೇಬಲ್. ಲಗ್ಗುಗಳನ್ನು ಸರಿಯಾದ ಕ್ರಿಂಪಿಂಗ್ ಯಂತ್ರವಿರುವವರ ಹತ್ತಿರ ಒತ್ತಿಸಿಕೊಂಡು ಬಂದೆ. ಬ್ಯಾಟರಿಯ ಪ್ಲಸ್ಸಿಗೆ 80 ಆಂಪಿಯರಿನ ಡಿಸಿ ಫ್ಯೂಸು. ಅಲ್ಲಿಂದ ಮುಂದೆ ಫ್ಯಾನಿಗೆ, ದೀಪಕ್ಕೆ ಹೋಗುವುದು 230 ವೋಲ್ಟ್, ಆ ವೈರು ಎಷ್ಟು ಉದ್ದವಾದರೂ ಚಿಂತೆಯಿಲ್ಲ. ಉದ್ದ ಬೇಕಾದಲ್ಲಿ ಹೆಚ್ಚಿನ ವೋಲ್ಟಿನ ಕಡೆ ಉದ್ದ ಮಾಡಿ, 12 ವೋಲ್ಟಿನ ಕಡೆ ಗಿಡ್ಡ ಮಾಡಿ.

ಕೆಲಸ ಮುಗಿದ ಮೇಲೆ ಮಿಕ್ಸಿ ಮತ್ತು ಫ್ರಿಜ್ಜು ಎರಡನ್ನೂ ನಡೆಸಿ ಅಳೆದರೆ ಬ್ಯಾಟರಿ ಮತ್ತು ಇನ್ವರ್ಟರಿನ ನಡುವೆ 0.1 ವೋಲ್ಟ್. ಮಧ್ಯಾಹ್ನ ಬ್ಯಾಟರಿಗೆ ಹೋಗುವ ಪ್ರವಾಹ 12 ಇದ್ದದ್ದು 17ರ ಹತ್ತಿರ. ಕಂಟ್ರೋಲರು, ಕೇಬಲ್ಲು, ಫ್ಯೂಸು ಎಲ್ಲ ಸೇರಿ 9,000 ರೂಪಾಯಿಯ ಒಳಗೆ ಆಯಿತು. ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಹತ್ತು ದಿನ ಪೂರ್ತಿ ತುಂಬಲು ಬಿಟ್ಟೆವು. ಮೊದಲಿನ ಬಲ ಪೂರ್ತಿ ಬರಲಿಲ್ಲ, ಒಂದು ಕೋಶದ ಹೈಡ್ರೋಮೀಟರ್ ಅಳತೆ ಇನ್ನೂ ಉಳಿದವುಗಳಿಗಿಂತ ಹಿಂದೆಯೇ ಇದೆ. ಅದು ನನ್ನ 4 ಎಂಎಂ ಕೇಬಲ್ಲಿನ ಗುರುತು. ಆದರೂ ಈ ಬೇಸಿಗೆ ಪೂರ್ತಿ ಫ್ರಿಜ್ಜು ಒಂದು ರಾತ್ರಿಯೂ ಬಂದಾಗಲಿಲ್ಲ.

ನಿಮ್ಮಲ್ಲಿ ಹಲವರ ಮನೆಯಲ್ಲಿ, ಹೊಲದಲ್ಲಿ ಸೋಲಾರ್ ಇದೆ ಎಂದು ಗೊತ್ತು. ಪ್ಯಾನೆಲ್ಲಿನಿಂದ ಕಂಟ್ರೋಲರಿಗೆ, ಬ್ಯಾಟರಿಯಿಂದ ಇನ್ವರ್ಟರಿಗೆ ಇರುವ ದೂರ ಅಳೆಯಿರಿ, ವೈರಿನ ಮೇಲೆ ಅಚ್ಚಾದ ಅಳತೆ ಓದಿ, ಲೆಕ್ಕ ಹಾಕಿ. ಬ್ಯಾಟರಿಯ ತುದಿಗಳನ್ನು ಮಾತ್ರ ನೀವೇ ಬಿಚ್ಚಲು ಹೋಗಬೇಡಿ. ಅಳೆಯುವಾಗಲೂ ಕೈಯ ಉಂಗುರ, ಲೋಹದ ಗಡಿಯಾರ ತೆಗೆದಿಟ್ಟು, ದೊಡ್ಡವರೊಬ್ಬರನ್ನು ಜೊತೆಯಲ್ಲಿಟ್ಟುಕೊಳ್ಳಿ.

ಮನೆಯಲ್ಲಿ ಸೋಲಾರ್ ಇಲ್ಲದವರಿಗೆ ಒಂದು ಲೆಕ್ಕ. ಹೊಲದ ಗೇಟಿನ ಬಳಿ 40 ವ್ಯಾಟಿನ ಡಿಸಿ ಎಲ್‌ಇಡಿ ದೀಪ ಹಾಕಬೇಕು, ಬ್ಯಾಟರಿಯಿಂದ ದೂರ 30 ಮೀಟರ್, ಕುಸಿತ ಶೇ. 3 ಮೀರಬಾರದು. ಬ್ಯಾಟರಿ 12 ವೋಲ್ಟಿನದಾದರೆ ಎಷ್ಟು ದಪ್ಪದ ತಾಮ್ರದ ವೈರು ಕೊಳ್ಳಬೇಕು? 24 ವೋಲ್ಟಿನದಾದರೆ? ಬರುವ ಶನಿವಾರದೊಳಗೆ ಉತ್ತರ ಬರೆದು ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನನ್ನ ಕೈಗೆ ಕೊಡಿ. ಒಂದೇ ಕಡೆಯ ಉದ್ದ ಹಿಡಿದವರ ಹಾಳೆಯನ್ನು ತಿರುಗಿ ಕೊಡುತ್ತೇನೆ.